ಕಳೆದ ಓಟದಲ್ಲಿ ಆರನೆಯದಾಗಿ ಬಂದ ಕುದುರೆ ಈ ಸಲ ಗೆಲ್ಲುವುದನ್ನು ಮೊದಲೇ ತಿಳಿಯಬಹುದಿತ್ತೇ?

ಪ್ರಶ್ನೆ: ಶಿರಾಗೇಟ್ ನಿವಾಸಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ, ಸೀಸನ್ ನಡೆಯುವಾಗ ತಿಂಗಳಿಗೆ ಒಂದೆರಡು ಸಲ, ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರೇಸ್ ನೋಡಿ ಬರುತ್ತಿದ್ದೇನೆ. ಕಟ್ಟುವ ಹಣ ಹೆಚ್ಚಿಲ್ಲ. ಆದರೆ ಓಡುವ ಕುದುರೆಗಳನ್ನು ಅಳೆದು ತೂಗುವ ವಿದ್ಯೆಯನ್ನು ಸರಿಯಾಗಿ ಕಲಿಯಬೇಕೆಂಬ ಆಸೆ ಬಹಳವಿದೆ. ಆರಂಭದಲ್ಲಿ ಫೋನಿನಲ್ಲಿ ಟಿಪ್ ಕೊಡುವ ಒಬ್ಬರಿಗೆ ಒಂದು ಸೀಸನ್ ಪೂರ್ತಿ ದುಡ್ಡು ಕೊಟ್ಟೆ. ಅವರು ಹೇಳಿದ ಕುದುರೆ ಗೆದ್ದಾಗ ಅದು ಏಕೆ ಗೆದ್ದಿತೆಂದು ನನಗೆ ತಿಳಿಯುತ್ತಿರಲಿಲ್ಲ. ಸೋತ ದಿನ ಅವರು ಫೋನ್ ಎತ್ತುತ್ತಿರಲಿಲ್ಲ. ಅದನ್ನು ಬಿಟ್ಟು ಈಗ ಹಿಂದಿನ ರಾತ್ರಿಯೇ ರೇಸ್ ಪುಸ್ತಕ ಹಿಡಿದು ಕೂರುತ್ತೇನೆ. ಆದರೂ ಒಂದು ಓಟ ನನ್ನನ್ನು ಬಿಡದೆ ಕಾಡುತ್ತಿದೆ.

ಅದು ನಾಲ್ಕನೇ ದರ್ಜೆಯ ಓಟ, ಅಂದರೆ 20ರಿಂದ 45ರ ರೇಟಿಂಗ್ (ಸಾಮರ್ಥ್ಯದ ಅಂಕ) ಇರುವ ಕುದುರೆಗಳದ್ದು. ದೂರ 1400 ಮೀಟರ್, ಕುದುರೆಗಳು ಹನ್ನೊಂದು. ಹೆಸರು ಬೇಡ, ಬಣ್ಣದಿಂದ ಕರೆಯುತ್ತೇನೆ. ಕಂದು ಕುದುರೆಯ ರೇಟಿಂಗ್ 44, ಹೊರುವ ತೂಕ 60 ಕಿಲೋ. ಬಿಳಿಗಾಲಿನ ಹೆಣ್ಣು ಕುದುರೆಯ ರೇಟಿಂಗ್ 34, ತೂಕ 55 ಕಿಲೋ. ಇವೆರಡೂ ಅದಕ್ಕಿಂತ ಹಿಂದಿನ ಸಲ 1200 ಮೀಟರಿನ ಒಂದೇ ಓಟದಲ್ಲಿ ಓಡಿದ್ದವು. ಆಗ ಅವುಗಳ ರೇಟಿಂಗ್ 42 ಮತ್ತು 36 ಆಗಿತ್ತು. ಕಂದು ಅರ್ಧ ಲೆಂತ್‌ನಿಂದ ಸೋತು ಎರಡನೆಯದಾಯಿತು (ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ). ಬಿಳಿಗಾಲಿನದು ಗೆದ್ದ ಕುದುರೆಗಿಂತ ಐದು ಲೆಂತ್ ಹಿಂದೆ ಉಳಿದು ಆರನೆಯದಾಯಿತು. ಹಾಗಾಗಿ ಯೋಚನೆಯೇ ಮಾಡದೆ ಕಂದಿನ ಮೇಲೆ ಕಟ್ಟಿದೆ. ಅದರ ಭಾವ 6ಕ್ಕೆ 4 (ಅಂದರೆ ನಾಲ್ಕು ಕಟ್ಟಿ ಗೆದ್ದರೆ ಆರು ಲಾಭ) ಇತ್ತು, ಇನ್ನೊಂದರದು 8ಕ್ಕೆ 1. ಬಿಳಿಗಾಲಿನದು ಒಂದೂವರೆ ಲೆಂತ್‌ನಿಂದ ಗೆದ್ದಿತು, ಕಂದು ಎರಡನೆಯದು. ನಾಲ್ಕೂವರೆ ಲೆಂತ್ ಹಿಂದಿದ್ದ ಕುದುರೆ ಒಂದೇ ತಿಂಗಳಲ್ಲಿ ಒಂದೂವರೆ ಲೆಂತ್ ಮುಂದೆ ಬಂದದ್ದು ಅದೃಷ್ಟವೋ, ನನಗೆ ಕಾಣದ ಲೆಕ್ಕವೋ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಗುಬ್ಬಿಯ ಹಳಬ

ಪ್ರಿಯ ಶಿರಾಗೇಟ್ ನಿವಾಸಿಗಳೇ, ಲೆಕ್ಕದ ಬಹುಪಾಲನ್ನು ನೀವೇ ಬರೆದಿಟ್ಟಿದ್ದೀರಿ, ಕೂಡಿಸುವುದೊಂದೇ ಬಾಕಿ. ಪುಸ್ತಕದಲ್ಲಿ ಕುದುರೆಯ ಸ್ಥಾನ ಅಚ್ಚಾಗುತ್ತದೆ, ಆ ಸ್ಥಾನ ಏಕೆ ಬಂತೆಂಬ ಕಾರಣ ಅಚ್ಚಾಗುವುದಿಲ್ಲ. ಮೂವತ್ತು ವರ್ಷ ರೇಸ್ ನೋಡಿದ ನನ್ನ ಮಟ್ಟಿಗೆ, ಈ ವಿದ್ಯೆಯೆಲ್ಲ ಆ ಕಾರಣವನ್ನು ಹುಡುಕುವುದರಲ್ಲಿದೆ.

ಮೊದಲು ತೂಕವನ್ನು ನೋಡೋಣ. ನಮ್ಮ ಪದ್ಧತಿಯಲ್ಲಿ ಒಂದು ರೇಟಿಂಗ್ ಅಂಕ ಹೆಚ್ಚಿದ್ದರೆ ಹೊರುವ ತೂಕ ಅರ್ಧ ಕಿಲೋ ಹೆಚ್ಚು. ಹಿಂದಿನ ಓಟದಲ್ಲಿ 42 ಮತ್ತು 36ರ ನಡುವೆ ಆರು ಅಂಕದ ಅಂತರವಿದ್ದುದರಿಂದ ಕಂದು ಕುದುರೆ ಮೂರು ಕಿಲೋ ಹೆಚ್ಚು ಹೊತ್ತಿತ್ತು. ಚೆನ್ನಾಗಿ ಓಡಿತೆಂದು ಹ್ಯಾಂಡಿಕ್ಯಾಪರ್ (ರೇಟಿಂಗ್ ನಿಗದಿ ಮಾಡುವವರು) ಅದಕ್ಕೆ ಎರಡು ಅಂಕ ಏರಿಸಿದರು, ಹಿಂದೆ ಬಿತ್ತೆಂದು ಬಿಳಿಗಾಲಿನದಕ್ಕೆ ಎರಡು ಅಂಕ ಇಳಿಸಿದರು. ಹೀಗೆ ಅಂತರ ಐದು ಕಿಲೋ ಆಯಿತು. ಅಂದರೆ ಒಂದೇ ತಿಂಗಳಲ್ಲಿ ಎರಡು ಕಿಲೋ ಬಿಳಿಗಾಲಿನದರ ಕಡೆಗೆ ತಿರುಗಿತು. ಮೈಲಿಯ ಓಟದಲ್ಲಿ ಒಂದು ಲೆಂತ್‌ಗೆ ಹೆಚ್ಚುಕಡಿಮೆ ಒಂದು ಕಿಲೋ, ಅದಕ್ಕಿಂತ ಚಿಕ್ಕ ಓಟದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಎಂಬುದು ಹಳಬರು ಇಟ್ಟುಕೊಂಡು ಬಂದ ಅಂದಾಜು. ಆ ಪ್ರಕಾರ 1400 ಮೀಟರಿನಲ್ಲಿ ಎರಡು ಕಿಲೋ ಸುಮಾರು ಒಂದೂವರೆ ಲೆಂತ್‌ಗೆ ಸಮ. ನಾಲ್ಕೂವರೆಯಲ್ಲಿ ಅದನ್ನು ಕಳೆದರೆ ಇನ್ನು ಮೂರು ಲೆಂತ್ ಉಳಿಯುತ್ತದೆ, ಮೇಲೆ ಗೆದ್ದ ಒಂದೂವರೆ ಲೆಂತ್ ಬೇರೆ. ಅದಕ್ಕೆ ತೂಕದಲ್ಲಿ ಉತ್ತರವಿಲ್ಲ, ಹಿಂದಿನ ಓಟವನ್ನೇ ಮತ್ತೆ ನೋಡಬೇಕು.

ನೀವು ದಯವಿಟ್ಟು ಆ 1200 ಮೀಟರಿನ ಓಟದ ವಿಡಿಯೋವನ್ನು ಎರಡು ಸಲ ನೋಡಿ. ಮೊದಲ ಸಲ ಗೆದ್ದ ಕುದುರೆಯನ್ನು ಬಿಟ್ಟು ಬಿಳಿಗಾಲಿನದರ ಮೇಲೆ ಮಾತ್ರ ಕಣ್ಣಿಡಿ. ಗೇಟ್ ತೆರೆದಾಗ ಅದು ತಡವಾಗಿ ಹೊರಟಿತೇ? ಹೊರಗಿನ ಗೇಟ್ ಸಿಕ್ಕು, ತಿರುವಿನಲ್ಲಿ ಮೂರು ನಾಲ್ಕು ಕುದುರೆಗಳ ಹೊರಬದಿಯಲ್ಲಿ ಸುತ್ತಿ ಬಂತೇ? ನೇರ ದಾರಿಯಲ್ಲಿ ಮುಂದೆ ಗೋಡೆಯಂತೆ ಕುದುರೆಗಳು ನಿಂತು, ಜಾಕಿ ಲಗಾಮು ಹಿಡಿದೆಳೆದು ದಾರಿ ಬದಲಿಸಬೇಕಾಯಿತೇ? ತಿರುವಿನಲ್ಲಿ ಹೊರಬದಿಯಲ್ಲಿ ಓಡಿದ ಪ್ರತಿ ಕುದುರೆಯೂ ಒಳಬದಿಯ ಕುದುರೆಗಿಂತ ನಿಜವಾಗಿಯೂ ಹೆಚ್ಚು ದೂರ ಓಡಿರುತ್ತದೆ, ಆದರೆ ಪುಸ್ತಕದಲ್ಲಿ ಎರಡಕ್ಕೂ 1200 ಎಂದೇ ಬರೆದಿರುತ್ತದೆ. ಎರಡನೆಯ ಸಲ ನೋಡುವಾಗ ಕೊನೆಯ 200 ಮೀಟರಿನಲ್ಲಿ ಅದು ಅಂತರ ಕಡಿಮೆ ಮಾಡುತ್ತಿತ್ತೋ, ಹಾಗೆಯೇ ಉಳಿದಿತ್ತೋ ನೋಡಿ. ಆಗ ಮುಂದಿನವನ್ನು ಹಿಡಿಯುತ್ತಾ ಬಂದಿದ್ದರೆ, 1400 ಮೀಟರಿಗೆ ಹೋದಾಗ ಅದಕ್ಕೆ ಇನ್ನೂ 200 ಮೀಟರ್ ಸಿಕ್ಕಂತಾಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಇದರಲ್ಲಿ ನಾನೇ ಎಷ್ಟೋ ವರ್ಷ ಮೋಸ ಹೋಗಿದ್ದೇನೆ. ಹಿಂದಿನಿಂದ ಬಿರುಸಾಗಿ ಬಂದ ಕುದುರೆಗಳೆಲ್ಲವೂ ಹೆಚ್ಚು ದೂರವನ್ನು ಬಯಸುವ ಕುದುರೆಗಳಲ್ಲ. ಮುಂದೆ ಓಡುವವು ಒಂದರ ಜೊತೆ ಒಂದು ಹಟಕ್ಕೆ ಬಿದ್ದು ಮೊದಲ 600 ಮೀಟರಿನಲ್ಲಿಯೇ ಸುಸ್ತಾದರೆ, ಕೊನೆಯಲ್ಲಿ ಅವು ನಿಧಾನವಾಗುವುದರಿಂದ ಹಿಂದಿನದು ವೇಗವಾಗಿ ಬಂದಂತೆ ಕಣ್ಣಿಗೆ ಕಾಣುತ್ತದೆ. ಅದನ್ನು ಅರಿಯುವುದಕ್ಕೆ, ಮುಂದೆ ಓಡಿದವು ಕೊನೆಗೆ ಎಲ್ಲಿ ಬಂದವೆಂದು ನೋಡಬೇಕು. ನಿಮ್ಮ ಕಂದು ಕುದುರೆ ಆ ದಿನ ಆರಂಭದಿಂದಲೂ ಮುಂದಿನ ಎರಡು ಮೂರರಲ್ಲೇ ಇದ್ದು ಕೊನೆಗೂ ಎರಡನೆಯದಾಗಿ ನಿಂತಿದ್ದರೆ ಓಟದ ವೇಗ ಅತಿಯಾಗಿರಲಿಲ್ಲವೆಂದು ತಿಳಿಯಬಹುದು. ಹಾಗಿದ್ದ ಮೇಲೆ ಬಿಳಿಗಾಲಿನದರ ಕೊನೆಯ ಓಟ ಸುಳ್ಳಲ್ಲ.

ದರ್ಜೆಯ ಬಗ್ಗೆಯೂ ಒಂದು ಮಾತು. ಐದನೇ ದರ್ಜೆಯಲ್ಲಿ ಗೆದ್ದು ನಾಲ್ಕಕ್ಕೆ ಏರಿದ ಕುದುರೆಯನ್ನು ಅನೇಕರು 'ಫಾರಂನಲ್ಲಿದೆ' ಎಂದು ಆರಿಸುತ್ತಾರೆ. ಏರಿದ ಕುದುರೆಗೆ ತೂಕ ಹಗುರವಾಗಿರುತ್ತದೆ, ಎದುರಾಳಿಗಳು ಮಾತ್ರ ಬಿರುಸಾದವರು. ಮೇಲಿನ ದರ್ಜೆಯಿಂದ ಇಳಿದು ಬಂದ ಕುದುರೆಗೆ ತೂಕ ಹೆಚ್ಚು, ಆದರೆ ಅದು ಓಡಿ ಬಂದದ್ದು ಇವಕ್ಕಿಂತ ಉತ್ತಮವಾದವುಗಳ ಜೊತೆ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ನಾನು ಇಳಿದು ಬಂದದ್ದನ್ನು ಆರಿಸುತ್ತೇನೆ, ಅದು ಇಳಿದದ್ದು ವಯಸ್ಸಾಗಿಯೋ ಕಾಲುನೋವಿನಿಂದಲೋ ಅಲ್ಲವೆಂದು ಖಚಿತವಾದರೆ ಮಾತ್ರ.

ಉತ್ತರ: ಕುಣಿಗಲ್ ಲಾಯದವನು

ಗುಬ್ಬಿಯ ಹಿರಿಯರು ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ನಾನು ಕಾಗದದ ಲೆಕ್ಕದವನಲ್ಲ. ಕುಣಿಗಲ್‌ನಲ್ಲಿ ಹುಟ್ಟಿ ಬೆಳೆದವನು. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಿದ ನೆಲವೆಂದು ನಮ್ಮೂರಿನ ಹಿರಿಯರು ಹೇಳುವ ಊರಿದು. ಹುರುಳಿ, ಓಟ್ಸ್, ಕುದುರೆಮೆಂತೆ ಹೊತ್ತು ಹಾಕುತ್ತಾ ಲಾಯಗಳಲ್ಲಿ ಬಹಳ ವರ್ಷ ಕಳೆದಿದ್ದೇನೆ. ನಮ್ಮ ತಾತ ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುವಾಗ ಹಲ್ಲು, ಸುಳಿ ಎಲ್ಲ ನೋಡಿದ ಮೇಲೂ, "ಎಲ್ಲಿ, ನಾಲ್ಕು ಹೆಜ್ಜೆ ನಡೆಸಪ್ಪ" ಎನ್ನುತ್ತಿದ್ದರು. ಕುದುರೆಗೂ ಅದೇ ಪರೀಕ್ಷೆ.

ಓಟಕ್ಕೆ ಮೊದಲು ಪ್ಯಾಡಕ್‌ನಲ್ಲಿ ಕುದುರೆಗಳನ್ನು ಸುತ್ತು ನಡೆಸುತ್ತಾರೆ. ಹೆಚ್ಚಿನವರು ಆ ಹೊತ್ತಿಗೆ ಭಾವದ ಹಲಗೆಯ ಮುಂದೆ ನಿಂತಿರುತ್ತಾರೆ. ನೀವು ಬೇಲಿಯ ಬಳಿ ನಿಲ್ಲಿ. ಕುದುರೆ ನಿಮ್ಮನ್ನು ದಾಟಿ ಹೋಗುವಾಗ, ಮುಂಗಾಲಿನ ಗೊರಸು ಊರಿದ ಗುರುತಿನ ಮೇಲೆ ಅದೇ ಬದಿಯ ಹಿಂಗಾಲು ಎಲ್ಲಿ ಬೀಳುತ್ತದೆಂದು ನೋಡಿ. ಸಡಿಲವಾಗಿ ನಡೆಯುವ ಕುದುರೆಯ ಹಿಂಗಾಲು ಆ ಗುರುತನ್ನು ದಾಟಿ ನಾಲ್ಕು ಬೆರಳು, ಒಂದು ಗೇಣು ಮುಂದೆ ಬೀಳುತ್ತದೆ. ಬೆನ್ನೋ ತೊಡೆಯೋ ಬಿಗಿದಿದ್ದರೆ ಗುರುತಿಗಿಂತ ಹಿಂದೆಯೇ ಬೀಳುತ್ತದೆ. ಎಲ್ಲ ಕುದುರೆಗಳ ನಡಿಗೆಯೂ ಒಂದೇ ಅಲ್ಲ. ಆದ್ದರಿಂದ ಇದನ್ನು ಬೇರೆ ಕುದುರೆಯ ಜೊತೆಗಲ್ಲ, ಅದೇ ಕುದುರೆ ಹಿಂದಿನ ಸಲ ಹೇಗೆ ನಡೆದಿತ್ತೋ ಅದರ ಜೊತೆ ಹೋಲಿಸಬೇಕು. ಹಾಗೆ ಹೋಲಿಸುವುದಕ್ಕೆ ಒಂದು ಸಣ್ಣ ನೋಟ್‌ಪುಸ್ತಕ ಬೇಕೇ ಬೇಕು.

ಬೆವರನ್ನು ನೋಡುವಾಗ ಎಲ್ಲಿಯ ಬೆವರೆಂಬುದು ಮುಖ್ಯ. ಬೇಸಿಗೆಯ ಸೀಸನ್ನಿನಲ್ಲಿ ಕುತ್ತಿಗೆಯ ಮೇಲೆ ತೆಳುವಾಗಿ ಬೆವರಿದರೆ ನಾನು ಚಿಂತಿಸುವುದಿಲ್ಲ. ಹಿಂದಿನ ತೊಡೆಗಳ ನಡುವೆ ಸಾಬೂನಿನ ನೊರೆಯಂತೆ ಬಿಳಿಯಾಗಿ ಕಟ್ಟಿದ್ದರೆ, ಬಾಲವನ್ನು ಬೀಸುತ್ತಲೇ ಇದ್ದರೆ, ಹಿಡಿದವನು ಹಗ್ಗವನ್ನು ಮೋಟು ಮಾಡಿ ಕುದುರೆಯ ದವಡೆಯ ಕೆಳಗೇ ಕೈಯಿಟ್ಟು ನಡೆಯುತ್ತಿದ್ದರೆ, ಆ ಕುದುರೆ ಓಟವನ್ನು ಪ್ಯಾಡಕ್‌ನಲ್ಲಿಯೇ ಓಡಿ ಮುಗಿಸುತ್ತಿದೆ ಎಂದು ಅರ್ಥ. ನೆಮ್ಮದಿಯಾಗಿ ನಿಂತಾಗ ಕುದುರೆಯ ಎದೆ ನಿಮಿಷಕ್ಕೆ ಮೂವತ್ತರಿಂದ ನಲವತ್ತು ಸಲ ಬಡಿಯುತ್ತದೆ, ಪೂರ್ತಿ ಓಟದಲ್ಲಿ ಇನ್ನೂರನ್ನು ದಾಟುತ್ತದೆ. ಗೇಟಿಗೆ ಹೋಗುವ ಮೊದಲೇ ಹೆದರಿಕೆಯಿಂದ ಆ ಶಕ್ತಿ ವ್ಯಯವಾದರೆ ಕೊನೆಯ 200 ಮೀಟರಿಗೆ ಏನೂ ಉಳಿದಿರುವುದಿಲ್ಲ.

ಮೈಯ ಹೊಳಪಿಗಿಂತ ಪಕ್ಕೆಯನ್ನು ನಂಬಿ. ತಯಾರಾದ ಕುದುರೆಯ ಕೊನೆಯ ಒಂದೆರಡು ಪಕ್ಕೆಲುಬುಗಳು ನಡೆಯುವಾಗ ನೆರಳಿನಂತೆ ಕಾಣುತ್ತವೆ, ಆದರೆ ಅದರ ಹಿಂಭಾಗದ ಮಾಂಸ ತುಂಬಿ ಗಟ್ಟಿಯಾಗಿರುತ್ತದೆ. ದೀರ್ಘ ವಿಶ್ರಾಂತಿಯ ಬಳಿಕ ಮೊದಲ ಸಲ ಓಡುವ ಕುದುರೆಯ ಹೊಟ್ಟೆ ದುಂಡಗಿದ್ದರೆ, ಹೆಸರು ಎಷ್ಟೇ ದೊಡ್ಡದಾಗಿರಲಿ, ಆ ದಿನ ಅದನ್ನು ಬಿಡುವುದು ಒಳ್ಳೆಯದು.

ಎಳೆಯ ಕುದುರೆಗಳ ವಯಸ್ಸಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಎಲ್ಲ ರೇಸ್ ಕುದುರೆಗಳಿಗೂ ಜನವರಿ 1ರಂದು ಒಂದು ವರ್ಷ ತುಂಬಿದ ಲೆಕ್ಕ. ಜನವರಿಯಲ್ಲಿ ಹುಟ್ಟಿದ ಮರಿಗೂ ಏಪ್ರಿಲ್‌ನಲ್ಲಿ ಹುಟ್ಟಿದ ಮರಿಗೂ ಕಾಗದದ ಮೇಲೆ ಒಂದೇ ವಯಸ್ಸು, ಎಲುಬಿನಲ್ಲಿ ಮೂರು ತಿಂಗಳ ವ್ಯತ್ಯಾಸ. ತಡವಾಗಿ ಹುಟ್ಟಿದ ಮರಿ ಮೂರನೆಯ ವರ್ಷದ ಆರಂಭದಲ್ಲಿ ಸಪ್ಪೆಯಾಗಿ ಓಡಿದರೆ ಅದನ್ನು ಕೈಬಿಡಬೇಡಿ. ಬೆಳೆದ ಮೇಲೆ ಅದೇ ಬೇರೆ ಕುದುರೆಯಂತೆ ಬರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಉತ್ತರ: ಸಂಖ್ಯಾಶಾಸ್ತ್ರದ ಅಧ್ಯಾಪಕಿ, ಚಿಕ್ಕಬಳ್ಳಾಪುರ

ನಾನು ಹಣ ಕಟ್ಟುವವಳಲ್ಲ, ಆದರೆ ನಮ್ಮ ತಂದೆಯವರು ರೇಸಿಗೆ ಹೋಗುತ್ತಿದ್ದುದರಿಂದ ಈ ಲೆಕ್ಕಗಳನ್ನು ಚಿಕ್ಕಂದಿನಿಂದ ಕೇಳಿದವಳು. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲದ ಆಟವೆಂದು ತೀರ್ಪು ಕೊಟ್ಟಾಗ, ಕುದುರೆಯ ಸಾಮರ್ಥ್ಯ, ಜಾಕಿಯ ಕೌಶಲ, ಹೊರುವ ತೂಕ, ಓಟದ ದೂರ ಇವನ್ನೇ ಪರಿಗಣಿಸಿತ್ತು. ಮೇಲಿನ ಇಬ್ಬರೂ ಹೇಳಿದ್ದು ಅದನ್ನೇ. ನಾನು ಹೇಳಬೇಕಾದದ್ದು ಬೆಲೆಯ ವಿಷಯ.

'ಯಾವುದು ಗೆಲ್ಲುತ್ತದೆ' ಎಂಬುದೂ 'ಯಾವುದರ ಮೇಲೆ ಕಟ್ಟಬೇಕು' ಎಂಬುದೂ ಬೇರೆ ಬೇರೆ ಪ್ರಶ್ನೆಗಳು. 6ಕ್ಕೆ 4ರ ಭಾವವೆಂದರೆ ಆ ಕುದುರೆ ನೂರಕ್ಕೆ ನಲವತ್ತು ಸಲ ಗೆಲ್ಲುತ್ತದೆ ಎಂದು ಮಾರುಕಟ್ಟೆ ಹೇಳುತ್ತಿದೆ. 8ಕ್ಕೆ 1 ಎಂದರೆ ಸುಮಾರು ಹನ್ನೊಂದು ಸಲ. ಒಂದು ಓಟದ ಎಲ್ಲ ಕುದುರೆಗಳ ಭಾವಗಳನ್ನು ಹೀಗೆ ಶೇಕಡಾವಾರಿಗೆ ತಿರುಗಿಸಿ ಕೂಡಿಸಿದರೆ ನೂರನ್ನು ಮೀರುತ್ತದೆ, ಆ ಮೀರಿದ ಪಾಲೇ ಬುಕ್ಕಿಯ ಗಳಿಕೆ. ಅದರ ಮೇಲೆ ತೆರಿಗೆ. 2023ರ ಅಕ್ಟೋಬರ್‌ನಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇ 28ರ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ನೂರು ರೂಪಾಯಿಯ ಪಣಕ್ಕೆ ಕೈಯಿಂದ ನೂರ ನಲವತ್ತು ಹೋಗುತ್ತದೆ ಎಂದಿಟ್ಟುಕೊಳ್ಳಿ. ಕಂದು ಗೆದ್ದರೆ ಕೈಗೆ ಬರುವುದು 250. ಅಂದರೆ ನಷ್ಟವಾಗದಿರಲು ಅದು ನೂರಕ್ಕೆ 56 ಸಲ ಗೆಲ್ಲಬೇಕು. ಹನ್ನೊಂದು ಕುದುರೆಗಳ ಓಟದಲ್ಲಿ, ಅರ್ಧ ಲೆಂತ್‌ನಿಂದ ಸೋತು ಬಂದು ತೂಕ ಏರಿಸಿಕೊಂಡ ಕುದುರೆಗೆ ಅಷ್ಟು ಅವಕಾಶವಿದೆಯೆಂದು ನೀವು ಪ್ರಾಮಾಣಿಕವಾಗಿ ಹೇಳಬಲ್ಲಿರಾ? ಬಿಳಿಗಾಲಿನದು ಗೆದ್ದರೆ ಬರುವುದು 900, ಅದು ನೂರಕ್ಕೆ ಹದಿನಾರು ಸಲ ಗೆದ್ದರೆ ಸಾಕು. ನಿಮ್ಮ ತಪ್ಪು ಕಂದನ್ನು ಒಳ್ಳೆಯ ಕುದುರೆ ಎಂದು ಭಾವಿಸಿದ್ದರಲ್ಲಿ ಇಲ್ಲ, ಅದರ ಬೆಲೆಯನ್ನು ನೋಡದೆ ಹೋದದ್ದರಲ್ಲಿದೆ.

ಫಲಿತಾಂಶ ತಿಳಿದ ಮೇಲೆ ಕಾರಣ ಹುಡುಕುವುದು ಸುಲಭ. ಬಿಳಿಗಾಲಿನದು ಸೋತಿದ್ದರೆ ಅದಕ್ಕೂ ನಾವು ಕಾರಣ ಹೇಳುತ್ತಿದ್ದೆವು. ಆದ್ದರಿಂದ ಓಟಕ್ಕೆ ಮೊದಲು, ಭಾವ ನೋಡುವುದಕ್ಕೂ ಮೊದಲು, ಪ್ರತಿ ಕುದುರೆಯ ಗೆಲುವಿನ ಅವಕಾಶವನ್ನು ನೂರಕ್ಕೆ ಇಷ್ಟೆಂದು ಪುಸ್ತಕದಲ್ಲಿ ಬರೆದುಬಿಡಿ. ಎಲ್ಲ ಕೂಡಿ ನೂರೇ ಆಗಬೇಕು. ನೂರಿನ್ನೂರು ಓಟಗಳ ಬಳಿಕ, ನೀವು 'ಇಪ್ಪತ್ತು' ಎಂದು ಬರೆದ ಕುದುರೆಗಳಲ್ಲಿ ಐದಕ್ಕೊಂದು ಗೆದ್ದಿದೆಯೇ ಎಂದು ಎಣಿಸಿ. ಅಷ್ಟು ದಿನ ಹಣ ಕಟ್ಟದಿದ್ದರೂ ವಿದ್ಯೆ ಬರುತ್ತದೆ. ಈಗಿನ ತೆರಿಗೆಯಲ್ಲಿ ದೀರ್ಘಕಾಲ ಲಾಭ ಮಾಡುವುದು ಅತ್ಯಂತ ಕಷ್ಟ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಉತ್ತರ: ಕೋಲಾರದ ಮಂಡಿಯವರು

ನಾನು ಟೊಮೆಟೊ ಮಂಡಿಯಲ್ಲಿ ಕೆಲಸ ಮಾಡುವವನು. ಬೆಳಗಿನ ಹರಾಜಿನಲ್ಲಿ ಅನುಭವಿ ವ್ಯಾಪಾರಿ ಕ್ರೇಟಿನ ಮೇಲಿನ ಹಣ್ಣನ್ನು ನೋಡುವುದಿಲ್ಲ, ಕೈ ಇಳಿಸಿ ಅಡಿಯ ಹಣ್ಣನ್ನು ತೆಗೆದು ನೋಡುತ್ತಾನೆ, ಮನಸ್ಸಿಗೆ ಬಾರದಿದ್ದರೆ ಮುಂದಿನ ಕ್ರೇಟಿಗೆ ಹೋಗುತ್ತಾನೆ. ರೇಸಿನಲ್ಲಿ ನಾನು ಹಾಗೆ ಮುಂದೆ ಹೋಗಲಿಲ್ಲ. ಒಂದು ದಿನದ ಎಲ್ಲ ಓಟಗಳಲ್ಲೂ ಕಟ್ಟಿ, ಸೋತದ್ದನ್ನು ಕೊನೆಯ ಓಟದಲ್ಲಿ ಹಿಂದಕ್ಕೆ ತರಲು ಹೋಗಿ, ಮನೆಯಾಕೆಯ ಬಳೆ ಅಡವಿಡುವವರೆಗೆ ಬಂದೆ. ಈಗ ನೋಡಲು ಮಾತ್ರ ಹೋಗುತ್ತೇನೆ. ಹಿಂದಿನ ಓಟಗಳ ದಾಖಲೆಯೇ ಇಲ್ಲದ ಎಳೆಯ ಕುದುರೆಗಳ ಓಟ, ಎಲ್ಲ ಕುದುರೆಗಳೂ ತಿಂಗಳುಗಟ್ಟಲೆ ವಿಶ್ರಾಂತಿಯಿಂದ ಬಂದ ಸೀಸನ್ನಿನ ಮೊದಲ ವಾರ, ಮಳೆ ಬಂದು ನೆಲ ಮೆತ್ತಗಾದ ದಿನ ಇವುಗಳಲ್ಲಿ ಓದಿದ್ದೆಲ್ಲ ಕೈಕೊಡುತ್ತದೆ. ಕಾಲಿಡಬೇಡಿ ಅಣ್ಣ.

ಮರುಪ್ರಶ್ನೆ: ಶಿರಾಗೇಟ್ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಆ ವಿಡಿಯೋವನ್ನು ಮತ್ತೆ ನೋಡಿದೆ. ಬಿಳಿಗಾಲಿನದು ಗೇಟಿನಲ್ಲಿ ತಲೆಯೆತ್ತಿ ನಿಂತು ತಡವಾಗಿ ಹೊರಟಿತ್ತು, ತಿರುವಿನಲ್ಲಿ ನಾಲ್ಕನೆಯ ಸಾಲಿನಲ್ಲಿ ಹೊರಗೆ ಸುತ್ತಿತ್ತು. ಕಂದು ಪೂರ್ತಿ ಓಟ ಒಳಬೇಲಿಯನ್ನು ಹಿಡಿದೇ ಓಡಿತ್ತು. ಮೂರು ಲೆಂತ್‌ಗಿಂತ ಹೆಚ್ಚೇ ಅಲ್ಲಿ ಹೋಗಿದೆ. ಅಂದು ಕಣ್ಣು ಗೆಲುವಿನ ಗೆರೆಯ ಮೇಲೆಯೇ ಇದ್ದುದರಿಂದ ನಾನು ಇದಾವುದನ್ನೂ ಕಾಣಲಿಲ್ಲ. ಇನ್ನೊಂದು ಸಂದೇಹ ಉಳಿದಿದೆ. ಗೆದ್ದ ದಿನ ಅದಕ್ಕೆ ಮೊದಲ ಸಲ ಬ್ಲಿಂಕರ್ (ಕಣ್ಣಿನ ಪಕ್ಕದ ಮರೆ) ಹಾಕಿದ್ದರೆಂದು ಪುಸ್ತಕದಲ್ಲಿದೆ. ಇದಕ್ಕೆ ಎಷ್ಟು ಬೆಲೆ ಕೊಡಬೇಕು? ಬೆಳಗಿನ ಅಭ್ಯಾಸದ ಸಮಯಗಳನ್ನೂ ಪತ್ರಿಕೆಯಲ್ಲಿ ನೋಡುತ್ತೇನೆ, ಅವುಗಳಿಂದ ಏನು ತಿಳಿಯಬೇಕೆಂಬುದು ಗೊತ್ತಾಗುವುದಿಲ್ಲ.

ಉತ್ತರ: ಕುಣಿಗಲ್ ಲಾಯದವನು

ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಅದಕ್ಕೆ ಹಿಂದಿನದೂ ಬಹುಪಾಲು ಕಾಣುತ್ತದೆ. ಬ್ಲಿಂಕರ್ ಆ ನೋಟವನ್ನು ಮುಚ್ಚಿ ಮುಂದಕ್ಕೆ ಮಾತ್ರ ಬಿಡುತ್ತದೆ. ಅಕ್ಕಪಕ್ಕ ನೋಡುತ್ತಾ, ಬೇರೆ ಕುದುರೆ ಬಳಿಗೆ ಬಂದಾಗ ಹಿಂಜರಿಯುವ ಕುದುರೆಗೆ ಮೊದಲ ಸಲ ಅದನ್ನು ಕಟ್ಟಿದರೆ ಫಲ ಸಿಗಬಹುದು. ಮೊದಲೇ ಗಾಬರಿಯ ಕುದುರೆಗೆ ಕಟ್ಟಿದರೆ ಅದು ಆರಂಭದಲ್ಲೇ ಹುಚ್ಚೆದ್ದು ಓಡಿ ಕೊನೆಗೆ ಸುಸ್ತಾಗಿ ನಿಲ್ಲುತ್ತದೆ. ನಿಮ್ಮ ಬಿಳಿಗಾಲಿನದು ಗೇಟಿನಲ್ಲಿ ತಲೆಯೆತ್ತಿ ಅತ್ತಿತ್ತ ನೋಡಿದ್ದು ನಿಜವಾದರೆ, ತರಬೇತುದಾರರು ಸರಿಯಾದ ರೋಗಕ್ಕೆ ಸರಿಯಾದ ಮದ್ದನ್ನೇ ಕೊಟ್ಟಿದ್ದಾರೆ. ನಾಲಿಗೆಗೆ ಪಟ್ಟಿ ಕಟ್ಟುವುದು ಬೇರೆ ಕಾರಣಕ್ಕೆ. ನಾಗಾಲೋಟದಲ್ಲಿ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ತೆಗೆದುಕೊಳ್ಳುತ್ತದೆ. ನಾಲಿಗೆ ಹಿಂದಕ್ಕೆ ಸರಿದು ಗಂಟಲಿನ ದಾರಿ ಕಿರಿದಾದರೆ ಆ ಉಸಿರಿಗೇ ಅಡ್ಡಿ.

ಬೆಳಗಿನ ಸಮಯಗಳನ್ನು ಒಂದು ಕುದುರೆಯಿಂದ ಇನ್ನೊಂದಕ್ಕೆ ಹೋಲಿಸಬೇಡಿ. ಒಂದರ ಮೇಲೆ ಹಗುರ ಜಾಕಿ ಇರುತ್ತಾನೆ, ಇನ್ನೊಂದರ ಮೇಲೆ ಎಪ್ಪತ್ತು ಕಿಲೋ ತೂಗುವ ಲಾಯದ ಸವಾರ. ಒಂದು ಮರಳಿನ ಒಳಬದಿಯಲ್ಲಿ ಓಡಿದರೆ ಇನ್ನೊಂದು ಹೊರಬದಿಯಲ್ಲಿ. ಅದೇ ಕುದುರೆಯ ಮೂರು ವಾರಗಳ ಸಮಯಗಳನ್ನು ಸಾಲಾಗಿ ಬರೆದುಕೊಂಡು ಕೊನೆಯ 600 ಮೀಟರನ್ನು ಮಾತ್ರ ನೋಡಿ. ವಾರದಿಂದ ವಾರಕ್ಕೆ ಅದು ಕಡಿಮೆಯಾಗುತ್ತಾ, ಜೊತೆಗೆ 'ಸರಾಗವಾಗಿ ಓಡಿತು' ಎಂಬ ಮಾತೂ ಇದ್ದರೆ ಕುದುರೆ ಮೇಲೇಳುತ್ತಿದೆ. ಸಮಯ ಚೆನ್ನಾಗಿದ್ದು 'ಒತ್ತಾಯಿಸಿ ಓಡಿಸಲಾಯಿತು' ಎಂದಿದ್ದರೆ ಆ ವಾರ ನಾನಾಗಿದ್ದರೆ ಪ್ಯಾಡಕ್ಕಿನಲ್ಲಿ ಅದರ ಹಿಂಗಾಲನ್ನು ನೋಡದೆ ಏನೂ ಬರೆಯುವುದಿಲ್ಲ.